ಪರದೇಶಿಯರ ದೃಷ್ಟಿಯಲ್ಲಿ ಕನ್ನಡ ಜಿಲ್ಲೆಯ ಕಾಡು

ಮಂಗಳೂರಿನ ಗುಡ್ಡಗಳಿಂದ ಮೂಡಲು ದಿಕ್ಕಿಗೆ ನೋಡಿದವರಿಗೆ ತೆಂಗಿನ ತೋಟಗಳು, ಬತ್ತದ ಬಯಲುಗಳು, ಅವುಗಳಾಚೆ ನೀಲವರ್ಣದ ಘಟ್ಟಗಳು ಕಾಣಿಸುವುವು. ಇಂತಹ ಪ್ರಕೃತಿಯನ್ನು ಆಂಗ್ಲರು ತಮ್ಮ ಆಳಿಕೆಯ ಕಾಲದಲ್ಲಿ ಬಗೆಬಗೆಯಾಗಿ ಬಣ್ಣಿಸಿರುವರು. ಆ ಬಣ್ಣನೆಗಳು ಪುಸ್ತಕದಲ್ಲಿಯೇ ಉಳಿಯದೆ, ಕಾಡಿನ ನಿವಾಸಿಗಳ ಬಾಳನ್ನೂ ಮುಟ್ಟಿದುವು.

1765ರಲ್ಲಿ ಕುಂಪಣಿಯ ಗುಮಾಸ್ತನಾಗಿ ಮುಂಬಯಿಗೆ ಹೊರಟ ಜೇಮ್ಸ್ ಫೋರ್ಬ್ಸನು ಪಶ್ಚಿಮ ಭಾರತದ ಗಿಡ, ಹೂ, ಹಕ್ಕಿಗಳನ್ನು ಸ್ವಹಸ್ತದಿಂದ ಚಿತ್ರಿಸಿದನು. 1813ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ‘ಓರಿಯೆಂಟಲ್ ಮೆಮಾಯರ್ಸ್’ ಗ್ರಂಥದ ನಾಲ್ಕು ಸಂಪುಟಗಳಲ್ಲಿ ಈ ಉಷ್ಣದೇಶವು ರಮ್ಯವಾದ ಉದ್ಯಾನದಂತೆ ತೋರುವುದು.

ಸ್ಕಾಟ್ಲೆಂಡಿನ ವೈದ್ಯನಾದ ಫ್ರಾನ್ಸಿಸ್ ಬುಕಾನನನ ರೀತಿ ಬೇರೆ. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಸಂಚಾರ ಹೊರಟು, 1801ರಲ್ಲಿ ಮಂಗಳೂರಿಗೆ ಬಂದನು. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಮರವನ್ನು ಕಂಡೊಡನೆ ಅದರ ಉಪಯೋಗ, ಗದ್ದೆಯನ್ನು ಕಂಡೊಡನೆ ಹುಟ್ಟುವಳಿ ಮತ್ತು ತೀರ್ವೆ ಲೆಕ್ಕಕ್ಕೆ ಬರುವುವು. ಉದ್ಯಾನವು ಇಲ್ಲಿ ಉಗ್ರಾಣವಾಯಿತು.

ಕುಡುಬಿಯರು, ಮಲೆಕುಡಿಯರು ಮೊದಲಾದವರು ಘಟ್ಟದ ತಪ್ಪಲಿನಲ್ಲಿ ಕುಮರಿ ಬೇಸಾಯ ಮಾಡುತ್ತಿದ್ದರು. ಕಾಡನ್ನು ಕಡಿದು ಒಣಗಿಸಿ, ಮಳೆಗೆ ಮುನ್ನ ಸುಟ್ಟು, ಆ ಬೂದಿಯ ನೆಲದಲ್ಲಿ ಬಿತ್ತುವರು. ಒಂದೆರಡು ಬೆಳೆ ತೆಗೆದು, ಕಾಡು ಮರಳಿ ಬೆಳೆಯುವಂತೆ ಹಲವು ವರುಷ ಬಿಟ್ಟುಬಿಡುವರು. 1856ರಲ್ಲಿ ಮದರಾಸು ಆಧಿಪತ್ಯದ ಅರಣ್ಯ ಸಂರಕ್ಷಕನಾದ ಹ್ಯೂ ಕ್ಲೆಗ್‌ಹಾರ್ನನಿಗೆ ಇದು ಕೇವಲ ವಿನಾಶವಾಗಿ ಕಂಡಿತು. ಅಪ್ಪಣೆಯಿಲ್ಲದೆ ಸರಕಾರಿ ಕಾಡಿನಲ್ಲಿ ಕುಮರಿ ಮಾಡಕೂಡದೆಂದು 1860ರಲ್ಲಿ ಮದರಾಸು ಸರಕಾರದವರು ವಿಧಿಸಿದರು. ಮರುವರುಷವೇ ದಕ್ಷಿಣ ಭಾರತದ ಕಾಡುಗಳ ವಿಷಯವಾದ ಅವನ ಗ್ರಂಥವು ಹೊರಬಂದಿತು.

ಕ್ಲೆಗ್‌ಹಾರ್ನನು ಸಸ್ಯಶಾಸ್ತ್ರಜ್ಞನು, ಕಾಡು ಕ್ಷೀಣಿಸುತ್ತಿದೆಯೆಂಬ ಅವನ ಕಳವಳವು ಹುಸಿಯಲ್ಲ. ಆದರೆ ವಾಚಕರು ಒಂದಂಶವನ್ನು ಗಮನಿಸಬೇಕು. ಹಡಗು ಕಟ್ಟುವುದಕ್ಕೂ ರೈಲುದಾರಿಗೂ ಮರಗಳು ಉರುಳಿದುವು. ನೆರೆಯ ಕೊಡಗಿನಲ್ಲಿ 1854ರಿಂದ ಯುರೋಪಿಯನ್ನರ ಕಾಫಿ ತೋಟಗಳಿಗಾಗಿಯೂ ಕಾಡು ಬಯಲಾಯಿತು. ತೋಟಗಾರನ ಕೊಡಲಿಗೆ ಉದ್ಯಮವೆಂಬ ಗೌರವ ದೊರೆಯಿತು. ಕುಮರಿಯವನ ಕತ್ತಿಯು ಅಪರಾಧವೆನಿಸಿತು.

ನಾಡಿನವರ ಕಣ್ಣಿಗೆ ಈ ಪ್ರಕೃತಿಯು ಉದ್ಯಾನವೂ ಅಲ್ಲ, ಉಗ್ರಾಣವೂ ಅಲ್ಲ. ನಂದಳಿಕೆಯ ಮುದ್ದಣನು (1870–1901) ತನ್ನ ‘ಶ್ರೀರಾಮಾಶ್ವಮೇಧ’ವನ್ನು ಮಳೆಗಾಲದ ಮನೆಯೊಳಗೆ, ಸತಿಪತಿಗಳ ಸಲ್ಲಾಪದಿಂದ ಆರಂಭಿಸಿದನು. ಅಲ್ಲಿ ಮಳೆಯು ಮನೆಯವರಿಗೆ ಕತೆ ಕೇಳುವ ಕಾಲ.

ಕುಮರಿಯವರಾದರೋ ತಮ್ಮ ಕಾಡಿನ ಗ್ರಂಥವನ್ನಾಗಲಿ ಪಟವನ್ನಾಗಲಿ ಅಚ್ಚು ಹಾಕಿಸಲಿಲ್ಲ. ಅವರ ಬೇಸಾಯಕ್ಕೆ ಇಂದು ಸಾಕ್ಷಿ ಬೇಕಾದರೆ, ತೀರ್ವೆಗಾಗಿ ಬರೆದ ಬುಕಾನನನ ಪುಟಗಳನ್ನೂ, ನಿಷೇಧಕ್ಕಾಗಿ ಬರೆದ ಅರಣ್ಯ ಇಲಾಖೆಯ ಕಡತಗಳನ್ನೂ ತಿರುವಬೇಕಾಗಿದೆ. ಆ ಬರೆಹಗಳನ್ನು ಓದುವಾಗ, ಮರಗಳ ನಡುವೆ ನಿಂತ ಮನುಷ್ಯನನ್ನೂ ಹುಡುಕುವುದು ನಮ್ಮ ಕರ್ತವ್ಯವು.