ಹೊಳೆಯ ದರ್ಜೆ, ಊರಿನ ನೀರು

ಪ್ರಯಾಗ ಚಿಖಲಿಯಲ್ಲಿ ಕೂಡಿದ ಹೊಳೆಗಳು ಪಂಚಗಂಗೆಯೆನಿಸಿ, ಕೊಲ್ಹಾಪುರ, ಇಚಲಕರಂಜಿಗಳ ಬದಿಯಲ್ಲಿ ಹರಿದು, ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತವೆ. ಆ ನೀರು, ಕನ್ನಡ ಶಾಸನಗಳನ್ನುಳ್ಳ ಖಿದ್ರಾಪುರದ ಕೋಪೇಶ್ವರ ದೇವಾಲಯವನ್ನು ದಾಟಿ ಕರ್ನಾಟಕಕ್ಕೆ ಇಳಿಯುತ್ತದೆ. ಗಡಹಿಂಗ್ಲಜದ ಹಿರಣ್ಯಕೇಶಿಯೂ ಸಂಕೇಶ್ವರದತ್ತ ಹರಿಯುತ್ತದೆ. ಆದುದರಿಂದ ಈ ನದಿಗಳ ಶುದ್ಧಿ ನಮ್ಮೆಲ್ಲರ ಮನೆಯ ವಿಷಯವಾಗಿದೆ.

ಕಳಂಬಾ ಕೆರೆಯನ್ನು ಕಟ್ಟಿದ ಕಾಲದಲ್ಲಿಯೂ, ಶಾಹೂ ಮಹಾರಾಜರು ಭೋಗಾವತಿಗೆ ರಾಧಾನಗರಿಯಲ್ಲಿ ಅಣೆಕಟ್ಟು ಹಾಕಿಸಲು ತೊಡಗಿದಾಗಲೂ ನೀರು ಸಾಲದೆಂಬುದೇ ಚಿಂತೆಯಾಗಿದ್ದಿತು. ಊರ ಚರಂಡಿ, ಬಣ್ಣದ ಕಾರ್ಖಾನೆಗಳು ಬೆಳೆದ ಮೇಲೆ ಶುದ್ಧತೆಯ ಚಿಂತೆ ಹುಟ್ಟಿತು. ಮಹಾರಾಷ್ಟ್ರವು 1969ರಲ್ಲಿ ಜಲಮಾಲಿನ್ಯ ತಡೆಯುವ ಕಾಯಿದೆಯನ್ನು ಮಾಡಿತು. ಮುಂದೆ ನದಿಗಳ ಭಾಗಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಲಾಯಿತು: ಕ್ರಿಮಿನಾಶಕ ಬೆರೆಸಿದೊಡನೆ ಕುಡಿಯಬಹುದಾದುದು, ಸಂಸ್ಕರಿಸಿ ಕುಡಿಯಬಹುದಾದುದು, ಮೀನು-ಜೀವಿಗಳಿಗೆ ಮಾತ್ರ ಯೋಗ್ಯವಾದುದು, ಬೇಸಾಯ-ಉದ್ಯಮಗಳಿಗೆ ಯೋಗ್ಯವಾದುದು. ಕಾರ್ಖಾನೆಗಳು ದರ್ಜೆಗನುಸಾರ ನದಿಯಿಂದ ದೂರವಿರಬೇಕೆಂಬ ನೀತಿಯನ್ನು 2015ರಲ್ಲಿ ಸರಕಾರವೇ ರದ್ದುಗೊಳಿಸಿತು.

2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿ ಹಲವರು ಪ್ರಾಣಬಿಟ್ಟುದನ್ನು ನಾವು ಮರೆತಿಲ್ಲ. ಕೊಲ್ಹಾಪುರವು 2023ರಲ್ಲಿ ಕಾಳಮ್ಮವಾಡಿಯಿಂದ ನೇರ ಕೊಳವೆಯಲ್ಲಿ ನೀರು ತಂದುಕೊಂಡಿತು. ಅಂಥ ಅನುಕೂಲ ಕೆಳದಂಡೆಯ ಹಳ್ಳಿಗಳಿಗೆಲ್ಲಿದೆ?

ದರ್ಜೆಯೆಂಬುದು ಇಂದಿನ ಹೊಲಸಿನ ಅಳತೆಯಾಗದೆ, ಜನರ ಬಳಕೆಯ ಅಳತೆಯಾಗಬೇಕು. ಹೊಲಸಾಯಿತೆಂದು ದರ್ಜೆಯನ್ನು ಇಳಿಸಿದರೆ, ಹೊಲಸಿಗೆ ಅಪ್ಪಣೆಯಿತ್ತಂತೆ. ಒಂದೂರಾದರೂ ಕುಡಿಯುವ ಹೊಳೆಯ ಭಾಗವು ಕುಡಿಯುವ ನೀರಿನ ದರ್ಜೆಯಲ್ಲಿಯೇ ಇರತಕ್ಕದ್ದು. ಮೇಲ್ದಂಡೆಯ ಊರು ಆ ದರ್ಜೆಗೆ ತಕ್ಕಂತೆ ನಡೆಯತಕ್ಕದ್ದು. ಗಡಿಯಾಚೆಯ ಬಂಧುಗಳಿಗೆ ನಾವು ಕಳುಹಿಸುವ ನಿತ್ಯದ ಕಾಣಿಕೆ ಈ ನೀರೇ ಅಲ್ಲವೆ?