‘ಪವಿತ್ರ ಪತ್ರ’: ಯೆಹೂದ್ಯ ಅನುಭಾವದಲ್ಲಿ ಕಾಮವಿಚಾರ

ಇಂದ್ರಿಯಗಳಲ್ಲೆಲ್ಲ ಸ್ಪರ್ಶೇಂದ್ರಿಯವೇ ಮನುಷ್ಯನಿಗೆ ಲಜ್ಜಾಸ್ಪದವೆಂಬ ಅರಿಸ್ಟಾಟಲನ ಮಾತನ್ನು, ಯೆಹೂದ್ಯರ ಮಹಾದಾರ್ಶನಿಕನೂ ವೈದ್ಯನೂ ಆದ ಮೈಮೋನಿಡೀಸನು ಮೆಚ್ಚಿ ಎತ್ತಿಕೊಂಡನು. ಈಜಿಪ್ಟಿನಲ್ಲಿ ಸುಮಾರು 1190ರಲ್ಲಿ ಅವನು ಮುಗಿಸಿದ ‘ಸಂದಿಗ್ಧರ ಮಾರ್ಗದರ್ಶಿ’ಯಲ್ಲಿ ಅದು ದೊರೆಯುತ್ತದೆ.

ಮುಂದಿನ ಶತಮಾನದಲ್ಲಿ ಸ್ಪೇನ್ ದೇಶದ ಯೆಹೂದ್ಯ ಅನುಭಾವಿಗಳಿಂದ ಇದಕ್ಕೆ ಮಾರುತ್ತರ ಬಂದಿತು. ಹೀಬ್ರೂ ಭಾಷೆಯ ಆ ಸಣ್ಣ ಗ್ರಂಥದ ಹೆಸರು ‘ಪವಿತ್ರ ಪತ್ರ’. ಸಂಪ್ರದಾಯವು ಅದನ್ನು ನಹ್ಮನಿಡೀಸನ ಕೃತಿಯೆನ್ನುತ್ತದೆ. ಗೆರ್ಶೊಮ್ ಶೋಲೆಮ್ ಎಂಬ ವಿದ್ವಾಂಸರು ಇದನ್ನೊಪ್ಪದೆ ಯೋಸೆಫ್ ಗಿಕಟಿಲನತ್ತ ಬೆರಳು ತೋರಿದರು. ಕರ್ತೃ ಯಾರೇ ಆಗಲಿ, ಅವನ ವಾದವು ಸರಳವೂ ದಿಟ್ಟವೂ ಆಗಿದೆ: ಜಗತ್ತನ್ನು ದೇವರು ಸಂಕಲ್ಪಪೂರ್ವಕವಾಗಿ ಸೃಷ್ಟಿಸಿದನೆಂದು ನಂಬಿದವನು ಶರೀರದ ಯಾವ ಅವಯವವನ್ನೂ ಹೇಯವೆನ್ನಲಾರನು. ಧರ್ಮಗ್ರಂಥವನ್ನು ಬರೆಯುವಾಗ ಪೂಜ್ಯವಾದ ಕೈಯೇ ಕಳವು ಮಾಡುವಾಗ ನಿಂದ್ಯವಾಗುತ್ತದೆ, ದೋಷವು ಬಳಕೆಯದು. ಬೈಬಲಿನಲ್ಲಿ ಆದಮನು ಹವ್ವಳನ್ನು ‘ಅರಿತನು’ ಎಂದಿರುವುದು ಸುಮ್ಮನೆಯೆ? ಅರಿವಿನ ಹೆಸರನ್ನು ನೀಚಕ್ಕೆ ಇಡುವರೆ?

ಈ ಧೈರ್ಯಕ್ಕೆ ಆಧಾರವಾದುದು ಕಬ್ಬಾಲದ ದೇವತಾಕಲ್ಪನೆ. ದೈವದ ಹತ್ತು ಪ್ರಕಾಶಗಳಲ್ಲಿ ಕಡೆಯದಾದ ‘ಶೆಖಿನಾ’ ಸ್ತ್ರೀರೂಪ. ಮೇಲಣ ಸ್ತ್ರೀಪುರುಷ ತತ್ತ್ವಗಳ ಸಮಾಗಮಕ್ಕೆ ಕೆಳಗಣ ದಂಪತಿಗಳ ಶುದ್ಧಸಂಗವು ಪ್ರತಿಬಿಂಬವಷ್ಟೇ ಅಲ್ಲದೆ ನೆರವೂ ಆಗುವುದೆಂದು ಅವರ ನಂಬಿಕೆ. ಸಬ್ಬತ್ತಿನ ಇರುಳು, ಎಂದರೆ ಶುಕ್ರವಾರದ ರಾತ್ರಿ, ಅದಕ್ಕೆ ತಕ್ಕ ಕಾಲ.

ಪತ್ರದಲ್ಲಿ ನನಗೆ ಅತ್ಯಂತ ಮಾನ್ಯವಾಗಿ ತೋರುವ ಭಾಗವು ತತ್ತ್ವಕ್ಕಿಂತಲೂ ನಡವಳಿಕೆಯದು. ಪತಿಯು ಮೊದಲು ಸವಿನುಡಿಗಳಿಂದ ಪತ್ನಿಯ ಮನಸ್ಸನ್ನು ಒಲಿಸಬೇಕು; ಬಲಾತ್ಕಾರ ಕೂಡದು; ಆಕೆ ನಿದ್ರಿಸುತ್ತಿರುವಾಗ ಸಮೀಪಿಸಬಾರದು; ಇಬ್ಬರ ಇಚ್ಛೆಯೂ ಒಂದಾಗಿರಬೇಕು. ಹದಿಮೂರನೆಯ ಶತಮಾನದ ಮಾತಿದು! ಆದರೂ ಪತ್ರವು ಪತಿಯನ್ನುದ್ದೇಶಿಸಿದ್ದು. ಪತ್ನಿಯ ದನಿ ಅದರಲ್ಲಿ ಎಲ್ಲಿಯೂ ಕೇಳಿಸದು. ಮೇಲಾಗಿ, ಸಂಗಕಾಲದ ಆಲೋಚನೆಯೇ ಶಿಶುವಿನ ಸ್ವಭಾವವನ್ನು ರೂಪಿಸುವುದೆಂದು ಹೇಳಿ, ಶರೀರದಿಂದಿಳಿಸಿದ ಭಾರವನ್ನು ಮನಸ್ಸಿನ ಮೇಲೆ ಹೊರಿಸುತ್ತದೆ.

ವಿಯೆನ್ನಾದ ಯೆಹೂದ್ಯ ವೈದ್ಯ ಸಿಗ್ಮಂಡ್ ಫ್ರಾಯ್ಡರು 1905ರಲ್ಲಿ ಕಾಮವನ್ನು ಕುರಿತ ಮೂರು ಪ್ರಬಂಧಗಳನ್ನು ಪ್ರಕಟಿಸಿದರು. ಅವರ ವಿಚಾರಗಳಿಗೆ ಈ ಅನುಭಾವ ಪರಂಪರೆಯೇ ಮೂಲವೆಂದು 1958ರಲ್ಲಿ ಡೇವಿಡ್ ಬಾಕನ್ ವಾದಿಸಿದರು. ಹೋಲಿಕೆ ಆಕರ್ಷಕವಾದರೂ ದಿಕ್ಕು ಬೇರೆ. ಫ್ರಾಯ್ಡರಿಗೆ ಕಾಮವು ದೇಹದಲ್ಲಿ ಹುಟ್ಟಿ ಕಲೆಯಾಗಿ, ಧರ್ಮವಾಗಿ ಮೇಲೇರುವ ಶಕ್ತಿ. ಪತ್ರದ ಕರ್ತೃವಿಗೆ ಅದು ಮೇಲಿನಿಂದ ಇಳಿದು ಬಂದುದು.