ಹಂಡೆಯ ಬಾಯಿ, ಕುಕ್ಕರಿನ ಮುಚ್ಚಳ

ಮುಂಬಯಿಗೆ ಬಂದು, ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ದುಡಿದು ನಿವೃತ್ತನಾದರೂ ಊರಿನ ಬಚ್ಚಲ ಹಂಡೆ ಮರೆತಿಲ್ಲ. ನೀರು ಎಷ್ಟು ಕುದ್ದರೂ ಹಬೆ ತನ್ನ ಪಾಡಿಗೆ ಹೋಗುತ್ತಿತ್ತು.

ಇಂಗ್ಲೆಂಡಿನಲ್ಲಿ ಹಳೇ ಮನೆ ಕೊಂಡ ಮಗಳು ಮೊನ್ನೆ ಫೋನಿನಲ್ಲಿ ಕೇಳಿದಳು: "ಅಪ್ಪಾ, ಹೀಟಿಂಗಿಗೆ ಅಂತ ಅಟ್ಟದ ಮೇಲಿರೋ ತೊಟ್ಟಿ ತೆಗೆಸಿ, ಎಲ್ಲಾ ಸೀಲ್ ಮಾಡಿಸಲಾ?"

ಅಲ್ಲಿ ಬಾಯ್ಲರಿನ ಬಿಸಿನೀರು ಕೊಳವೆಗಳಲ್ಲಿ ಸುತ್ತಿ ಕೋಣೆಗಳನ್ನು ಬೆಚ್ಚಗಿಡುತ್ತೆ. ತೆರೆದ ಪದ್ಧತಿಯಲ್ಲಿ ಹಿಗ್ಗಿದ ನೀರು ತೊಟ್ಟಿಗೆ ಏರುತ್ತೆ, ಹಬೆಗೂ ಒಂದು ದಾರಿ ಇರುತ್ತೆ. ನಮ್ಮ ಹಂಡೆಯೇ ಅನ್ನಿ. ಸೀಲ್ ಮಾಡಿದ್ದು ಕುಕ್ಕರಿನ ಜಾತಿ.

ಕುಕ್ಕರಿನ ಜಾತಿ ಈಚಿನದು ಅಂದುಕೊಂಡಿದ್ದೆ. ಆದರೆ ಏಂಜಿಯರ್ ಮಾರ್ಚ್ ಪರ್ಕಿನ್ಸ್ ಎಂಬಾತ 1831ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ! ಲಂಡನ್ನಿನ ವಾಸ್ತುಶಿಲ್ಪಿ ಜಾನ್ ಸೋನ್ ತನ್ನ ಮನೆಗೂ ಹಾಕಿಸಿಕೊಂಡ. ಒತ್ತಡದಿಂದಾಗಿ ನೀರು 100 ಡಿಗ್ರಿ ದಾಟಿದರೂ ಕುದಿಯುತ್ತಿರಲಿಲ್ಲ. ಕಾದ ಕೊಳವೆಯಿಂದ ಮರ ಹೊತ್ತಿಕೊಂಡೀತೆಂಬ ಭಯ ಜನರಿಗೆ. ಮುಂದೆ 20ನೇ ಶತಮಾನದ ಬ್ರಿಟನ್ನಿನ ಮನೆಗಳಲ್ಲಿ ಬಹುಕಾಲ ನಡೆದದ್ದು ಅಟ್ಟದ ತೊಟ್ಟಿಯೇ.

ಇಂದಿನ ಸೀಲ್ ಪದ್ಧತಿ ಅಷ್ಟು ಉಗ್ರವಲ್ಲ. ಒಂದು ಡಬ್ಬಿಯೊಳಗೆ ರಬ್ಬರ್ ಪೊರೆ. ಈಚೆ ನೀರು, ಆಚೆ ಗಾಳಿ. ನೀರು ಹಿಗ್ಗಿದರೆ ಗಾಳಿ ಕುಗ್ಗಿ ಜಾಗ ಕೊಡುತ್ತೆ. ಒತ್ತಡ ಸಾಮಾನ್ಯವಾಗಿ 1ರಿಂದ 1.5 ಬಾರ್, 3 ಬಾರ್ ಆದರೆ ಸೇಫ್ಟಿ ವಾಲ್ವ್ ತೆರೆಯುತ್ತೆ. ಗಾಳಿ ಸೇರುವುದು ಕಡಿಮೆ, ತುಕ್ಕೂ ಕಡಿಮೆ. ತೊಟ್ಟಿಗೂ ಒಂದು ಗುಣವಿದೆ: ಕೊಳವೆ ಸ್ವಲ್ಪ ಸೋರಿದರೆ ನೀರನ್ನು ತಾನೇ ತುಂಬಿಸುತ್ತೆ. ಆದರೆ ಸೋರಿಕೆ ನಮಗೆ ಗೊತ್ತೇ ಆಗುವುದಿಲ್ಲ!

"ಮಾಡಿಸು ಮಗಳೇ, ಆದರೆ ಮೊದಲು ಹಳೇ ಕೊಳವೆಗಳು ಒತ್ತಡ ತಡೀತಾವಾ ಅಂತ ಪರೀಕ್ಷೆ ಮಾಡಿಸು" ಅಂದೆ. ಅಷ್ಟು ವರ್ಷದ ಬಾಯ್ಲರ್ ಕೆಲಸ ಕಲಿಸಿದ್ದು ಅದನ್ನೇ.